ಬಟ್ಟೆಯ ಬೆನ್ನು: ಧಾರವಾಡದಲ್ಲಿ ಮೂರು ದಿನ

ಮೊದಲ ದಿನ: ಮಾಳಮಡ್ಡಿ

ರಾತ್ರಿಯ ರೈಲಿನಿಂದ ಧಾರವಾಡದಲ್ಲಿ ಇಳಿದಾಗ ಬೆಳಗಿನ ಆರೂವರೆ. ಜುಲೈ ತಿಂಗಳ ಜಿಟಿಜಿಟಿ ಮಳೆ ಇರುಳೆಲ್ಲ ಸುರಿದು ಆಗಷ್ಟೇ ಹೊಳವಾಗಿತ್ತು. ನಿಲ್ದಾಣದಿಂದ ಮಾಳಮಡ್ಡಿ ನಡೆದು ಹೋಗುವಷ್ಟು ಹತ್ತಿರ. ಹಳೆಯ ಹೆಂಚಿನ ಮನೆಗಳ ಸೂರಿನಿಂದ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತ, ಕೆಂಪು ರಾಡಿಯನ್ನು ತಪ್ಪಿಸಿಕೊಂಡು ನಡೆದೆ. ಮಳೆಗಾಲದಲ್ಲಿ ಈ ಊರಿಗೆ ಬರುವವರು ಚಪ್ಪಲಿಯ ವಿಷಯದಲ್ಲಿ ಎಚ್ಚರ ವಹಿಸಬೇಕು. ನುಣುಪು ಅಟ್ಟೆಯ ಚಪ್ಪಲಿ ಇಲ್ಲಿಯ ಮಣ್ಣಿಗೆ ಹೇಳಿದ್ದಲ್ಲ ಎಂಬುದು ಮೂರನೆಯ ದಿನ ನನಗೆ ಸರಿಯಾಗಿ ಮನವರಿಕೆಯಾಯಿತು.

ನಾನು ಬಂದದ್ದು ಒಂದು ಪ್ರದರ್ಶನ ನೋಡಲು. ನಿವೃತ್ತ ಶಿಕ್ಷಕಿಯರು ಮತ್ತು ಚಿತ್ರಕಲೆ ಕಲಿಯುತ್ತಿರುವ ಕೆಲವು ಹುಡುಗ ಹುಡುಗಿಯರು ಸೇರಿ, ತಮ್ಮಲ್ಲೊಬ್ಬರ ಹಳೆಯ ಮನೆಯನ್ನೇ ತೆರವು ಮಾಡಿ, ಶುಕ್ರವಾರದಿಂದ ಭಾನುವಾರದವರೆಗೆ ಮೂರೇ ದಿನ ಇಟ್ಟಿದ್ದ ಪ್ರದರ್ಶನ ಅದು. ವಿಷಯ ಐಬು. ಕೈಕೆಲಸದಲ್ಲಿ ಐಬೇ ಇರಬಾರದೆಂಬ ಹಟವನ್ನೂ, ದಿನಬಳಕೆಯಲ್ಲಿ ಎಲ್ಲ ವಸ್ತುಗಳಿಗೂ ಬಂದೇ ಬರುವ ಕುಂದನ್ನೂ ಒಂದೇ ಸೂರಿನಡಿ ಎದುರುಬದುರು ನಿಲ್ಲಿಸುವುದು ಅವರ ಉದ್ದೇಶ ಎಂದು ಗೆಳತಿಯೊಬ್ಬಳು ಹೇಳಿದ್ದಳು. ಇಪ್ಪತ್ತು ವರ್ಷಗಳಿಂದ ಕರಡಚ್ಚು ತಿದ್ದುವ ಕೆಲಸ ಮಾಡುತ್ತಿರುವ ನನಗೆ, ಅಚ್ಚಾದ ಪುಸ್ತಕದಲ್ಲಿ ಉಳಿದುಹೋದ ಒಂದು ಒತ್ತಕ್ಷರದ ತಪ್ಪು ವಾರಗಟ್ಟಲೆ ನಿದ್ದೆ ಕೆಡಿಸುತ್ತದೆ. ಹೀಗಾಗಿ ಗೆಳತಿಯ ಮಾತು ಕೇಳಿದ ಮರುದಿನವೇ ಹೊರಡುವ ಮನಸ್ಸು ಮಾಡಿದೆ.

ಪ್ರದರ್ಶನ ತೆರೆಯುವುದು ಹತ್ತಕ್ಕೆ. ಅಷ್ಟರೊಳಗೆ ಒಂದು ಖಾನಾವಳಿಯಲ್ಲಿ ಕುಳಿತು ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ ತಿಂದೆ. ರೊಟ್ಟಿ ಬಡಿಯುತ್ತಿದ್ದ ಹೆಂಗಸು ಒಂದೊಂದನ್ನೂ ಹಂಚಿನ ಮೇಲೆ ಹಾಕಿ, ನೀರು ಸವರಿ, ಮಗುಚಿ, ಉಬ್ಬಿಸಿ ತೆಗೆಯುತ್ತಿದ್ದರು. ಅಂಚು ಸೀಳಿದ ರೊಟ್ಟಿಗಳನ್ನು ಮಾತ್ರ ಬೇರೆ ಬುಟ್ಟಿಗೆ ಹಾಕುವುದನ್ನು ನೋಡಿ ಅವು ಯಾರಿಗೆಂದು ಕೇಳಿದೆ. "ಅವು ನಮಗರೀ, ರುಚಿ ಏನ್ ಬ್ಯಾರೆ ಇರ್ತದ? ಮಂದಿ ಮುಂದ ಇಡಾಕ ಛಂದ ಕಾಣಂಗಿಲ್ಲ, ಅಷ್ಟ," ಎಂದರು. ಆ ಬುಟ್ಟಿಯಿಂದಲೇ ಒಂದು ಕೊಡಿ ಎಂದು ಕೇಳಿ ತಿಂದೆ. ಅಂಚು ಸೀಳಿದ ಕಡೆ ರೊಟ್ಟಿ ಗರಿಗರಿಯಾಗಿ ಸ್ವಲ್ಪ ಹೆಚ್ಚೇ ಬೆಂದಿತ್ತು.

ಪ್ರದರ್ಶನದ ಮೊದಲ ಕೋಣೆಯಲ್ಲಿ ಕಸೂತಿ ಇತ್ತು. ಗೋಡೆಗೆ ಒಂದನ್ನೂ ತೂಗುಹಾಕಿರಲಿಲ್ಲ. ಕೋಣೆಯ ನಡುವೆ ಹಗ್ಗ ಕಟ್ಟಿ, ಒಗೆದ ಬಟ್ಟೆ ಒಣಗಿಸಿದಂತೆ ಸೀರೆ, ಕುಪ್ಪಸ, ಕುಲಾಯಿಗಳನ್ನು ಇಳಿಬಿಟ್ಟಿದ್ದರು. ನೋಡುವವರು ಸುತ್ತು ಬರಬೇಕು, ಮೊದಲು ಮುಖ ನೋಡಿ ಆಮೇಲೆ ಬೆನ್ನು ನೋಡಬೇಕು. ಕಸೂತಿಯನ್ನು ಬಲ್ಲವರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಈ ಕಲೆಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ನೇಯ್ಗೆಯ ಎಳೆಗಳನ್ನು ಕಣ್ಣಿನಲ್ಲಿಯೇ ಎಣಿಸಿ ಸೂಜಿ ಚುಚ್ಚಬೇಕು. ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಮತ್ತು ಮುರಗಿ ಬಟ್ಟೆಯ ಎರಡೂ ಬದಿಗೆ ಒಂದೇ ಬಗೆಯಾಗಿ ಕಾಣಬೇಕು, ಯಾವುದು ಮುಖ ಯಾವುದು ಬೆನ್ನು ಎಂದು ಹೇಳಲಾಗಬಾರದು. ನೇಗಿ ನೇಯ್ಗೆಯಂತೆಯೇ ಕಾಣುವ ಹೊಲಿಗೆ. ಮೆಂತಿ ದಾರಗಳು ಒಂದನ್ನೊಂದು ಅಡ್ಡ ಹಾಯುವ ಹೊಲಿಗೆ. ಇವೆರಡಕ್ಕೆ ಮಾತ್ರ ಬೆನ್ನು ಬೇರೆಯಾಗಿರಲು ಅನುಮತಿಯುಂಟು.

ಮದುವೆಯ ಹೆಣ್ಣಿಗೆ ಕೊಡುತ್ತಿದ್ದ ಕಪ್ಪು ಚಂದ್ರಕಾಳಿ ಸೀರೆಯೊಂದು ಅಲ್ಲಿತ್ತು. ಸೆರಗಿನ ಮೇಲೆ ಗೋಪುರ, ತೇರು, ಅಂಬಾರಿ ಹೊತ್ತ ಆನೆ, ತುಳಸಿ ವೃಂದಾವನ. ಕಪ್ಪು ಬಟ್ಟೆಯ ಮೇಲೆ ಎಳೆ ಎಣಿಸುವುದೆಂದರೆ ಕಣ್ಣನ್ನೇ ಒತ್ತೆಯಿಟ್ಟಂತೆ. ನಾನು ಬೆನ್ನಿನ ಕಡೆ ಹೋಗಿ, ಕರಡಚ್ಚಿನಲ್ಲಿ ತಪ್ಪು ಹುಡುಕುವ ಅಭ್ಯಾಸದಿಂದಲೇ, ಇಂಚು ಇಂಚಾಗಿ ನೋಡಿದೆ. ತೇರಿನ ನಾಲ್ಕನೆಯ ಅಂತಸ್ತಿನಲ್ಲಿ ಒಂದು ಕಡೆ ದಾರ ಎರಡು ಎಳೆ ದಾಟುವ ಬದಲು ಮೂರು ಎಳೆ ದಾಟಿತ್ತು. ಅದನ್ನು ಸರಿದೂಗಿಸಲು ಮುಂದಿನ ಹೊಲಿಗೆ ಒಂದೇ ಎಳೆಯದಾಗಿತ್ತು. ಅಳತೆ ಮುಂದೆ ಎಲ್ಲಿಯೂ ತಪ್ಪಿರಲಿಲ್ಲ. ಸೀರೆಯ ಮಗ್ಗುಲಲ್ಲಿ ಒಂದು ಚೀಟಿ: ಇದನ್ನು ಹಾಕಿದವರು ನಮ್ಮ ಅಜ್ಜಿ, ತೇರಿನ ಕೆಲಸ ನಡೆದಿದ್ದಾಗ ನಮ್ಮ ತಾಯಿಗೆ ಜ್ವರ ಬಂದಿತ್ತಂತೆ. ಆ ಮೂರು ಎಳೆಯ ಮುಂದೆ ಬಹಳ ಹೊತ್ತು ನಿಂತಿದ್ದೆ.

ಎರಡನೆಯ ಕೋಣೆಯಲ್ಲಿ ಮನೆಬಳಕೆಯ ಸಾಮಾನುಗಳು. ಕಡ್ಡಿಗೆ ತಂತಿ ಸುತ್ತಿದ ಕೊಡೆ, ತಳಕ್ಕೆ ಬೆಸುಗೆ ಹಾಕಿದ ಹಿತ್ತಾಳೆಯ ಚರಿಗೆ, ಕಾಲಿಗೆ ದಾರ ಬಿಗಿದ ಕನ್ನಡಕ, ಮೆಂತ್ಯ ಮತ್ತು ಕಾಗದ ಅರೆದು ಬಳಿದು ತೂತು ಮುಚ್ಚಿದ ಮೊರ. ಇವುಗಳಲ್ಲಿ ಮೊರವೇ ನನ್ನನ್ನು ಹೆಚ್ಚು ಸೆಳೆಯಿತು. ವರ್ಷ ವರ್ಷ ಬಳಿದ ಮೆಂತ್ಯದ ಪದರಗಳ ಅಂಚುಗಳು ಕೆರೆಯ ದಂಡೆಯಲ್ಲಿ ನೀರಿಳಿದ ಗುರುತಿನಂತೆ ಒಂದರ ಕೆಳಗೊಂದು ಕಾಣುತ್ತಿದ್ದವು. ಉಳಿದ ವಸ್ತುಗಳ ಆಯ್ಕೆ ಇನ್ನಷ್ಟು ಬಿಗಿಯಾಗಿರಬೇಕಿತ್ತು ಎಂದು ನನಗೆ ಅನ್ನಿಸಿತು. ಒಡೆದದ್ದೆಲ್ಲವೂ ನೋಡತಕ್ಕದ್ದಲ್ಲ, ಯಾರೋ ಕುಳಿತು ಸರಿಪಡಿಸಿದ್ದರೆ ಮಾತ್ರ ಅದರಲ್ಲಿ ನೋಡುವಂಥದ್ದು ಇರುತ್ತದೆ.

ಮೂರನೆಯ ಕೋಣೆಯ ತುಂಬ ಕೌದಿಗಳು, ಹಳೆಯ ಬಟ್ಟೆಗಳನ್ನು ಸೇರಿಸಿ ಹೊಲಿದ ಹೊದಿಕೆಗಳು. ಅವುಗಳ ನಡುವೆ ನೆಲದ ಮೇಲೆ ಉದ್ದವಾದ ಒಂದು ಬಿಳಿ ಬಟ್ಟೆ ಹಾಸಿ, ಬಂದವರೆಲ್ಲ ಅದರ ಮೇಲೆ ಗವಂತಿಯ ಒಂದು ಸಾಲು ಹಾಕಬೇಕೆಂದು ಕೇಳಿಕೊಳ್ಳುತ್ತಿದ್ದರು. ಒಂದೇ ಷರತ್ತು: ಹಾಕಿದ ಹೊಲಿಗೆಯನ್ನು ಬಿಚ್ಚುವಂತಿಲ್ಲ. ಎಪ್ಪತ್ತು ದಾಟಿದ ಶಿಕ್ಷಕಿಯೊಬ್ಬರು ನನ್ನ ಕೈಗೆ ಕೆಂಪು ದಾರದ ಸೂಜಿ ಕೊಟ್ಟು ಕಲಿಸಿದರು. ಹೋಗುವಾಗ ಒಂದು ಹೊಲಿಗೆ ಹಾಕಿ ಅಷ್ಟೇ ಜಾಗ ಬಿಡಬೇಕು. ತುದಿ ಮುಟ್ಟಿ ಅದೇ ದಾರಿಯಲ್ಲಿ ಮರಳಿ ಬರುವಾಗ ಬಿಟ್ಟ ಜಾಗಗಳನ್ನು ತುಂಬಬೇಕು. ಚಿತ್ರಕ್ಕೆ ಕವಲುಗಳಿದ್ದರೆ ಪ್ರತಿಯೊಂದು ಕವಲಿನಲ್ಲಿಯೂ ಹೋಗಿ ಬರಬೇಕು, ಒಂದನ್ನೂ ಬಿಡುವಂತಿಲ್ಲ, ಒಂದರಲ್ಲಿಯೂ ಮೂರನೆಯ ಸಲ ಹೋಗುವಂತಿಲ್ಲ. ಸೂಜಿ ಚುಚ್ಚುವ ಮೊದಲೇ ಇಡೀ ದಾರಿ ತಲೆಯಲ್ಲಿರಬೇಕು. ನಾನು ಉಸಿರು ಬಿಗಿಹಿಡಿದು ಎಣಿಸಿ ಎಣಿಸಿ ಗೇಣುದ್ದ ಹೋದೆ. ಮರಳುವಾಗ ನಡುವೆ ಎಲ್ಲಿಯೋ ಒಂದು ಎಳೆ ತಪ್ಪಿರುವುದು ತಿಳಿಯಿತು; ಹೊಲಿಗೆಗಳು ಒಂದಕ್ಕೊಂದು ಕೂಡಲಿಲ್ಲ.

"ಬಾಯಿಯವರೇ, ಇದೊಂದನ್ನು ಬಿಚ್ಚುತ್ತೇನೆ," ಎಂದೆ.

"ಬಿಚ್ಚೂದು ನನಗೂ ಬರ್ತದ ತಂಗಿ. ಐವತ್ತು ವರ್ಷ ಅದನ್ನ ಮಾಡೀನಿ," ಎಂದು ಅವರು ನನ್ನ ಕೈಯ ಮೇಲೆ ಕೈಯಿಟ್ಟರು. "ಮೂರು ದಿನ ಬಿಡೋಣ. ಏನಾಗ್ತದ ನೋಡೋಣ."

ಆ ತಪ್ಪಿದ ಎಳೆಯನ್ನು ಅಲ್ಲಿಯೇ ಬಿಟ್ಟು ಏಳುವುದು ನನಗೆ ನಿಜವಾಗಿಯೂ ಕಷ್ಟವಾಯಿತು. ಸಂಜೆ ಗಿರ್ಮಿಟ್ಟು, ಮೆಣಸಿನಕಾಯಿ ಬಜ್ಜಿ ತಿನ್ನುವಾಗಲೂ, ರಾತ್ರಿ ಮಳೆ ಮತ್ತೆ ಹಿಡಿದು ಕೋಣೆಯ ಕಿಟಕಿಗೆ ಬಡಿಯುತ್ತಿದ್ದಾಗಲೂ ಅದೇ ನೆನಪು.

ಎರಡನೆಯ ದಿನ: ಬೆಂಗೇರಿ

ಹುಬ್ಬಳ್ಳಿಗೆ ಸುಮಾರು 20 ಕಿಲೋಮೀಟರ್. ತಮ್ಮದೇ ಪಥದಲ್ಲಿ ಓಡುವ ಚಿಗರಿ ಬಸ್ಸುಗಳಿಂದಾಗಿ ಈ ದಾರಿಯಲ್ಲಿ ಈಗ ದಣಿವೇ ಇಲ್ಲ. ಅಲ್ಲಿಂದ ಆಟೋದಲ್ಲಿ ಬೆಂಗೇರಿ ತಲುಪಿದೆ. ಪ್ರದರ್ಶನದ ಶಿಕ್ಷಕಿಯೇ ನನ್ನನ್ನು ಅಲ್ಲಿಗೆ ಕಳಿಸಿದ್ದು. ಒಂದು ಎಳೆಯ ತಪ್ಪಿಗೂ ಜಾಗವಿಲ್ಲದ ಹೊಲಿಗೆಯನ್ನು ನೋಡಬೇಕಾದರೆ ಧ್ವಜ ಹೊಲಿಯುವವರನ್ನು ನೋಡಿ ಬಾ ಎಂದಿದ್ದರು. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇರುವುದು ಇಲ್ಲಿ. ಭಾರತೀಯ ಮಾನಕ ಸಂಸ್ಥೆಯ ಮಾನ್ಯತೆ ಪಡೆದು ಖಾದಿಯ ರಾಷ್ಟ್ರಧ್ವಜ ತಯಾರಿಸುವ ಕೇಂದ್ರವಿದು. ಆಗಸ್ಟ್ 15ರ ಮುಂಚಿನ ದಿನಗಳಾದ್ದರಿಂದ ಎಲ್ಲರಿಗೂ ಕೈತುಂಬ ಕೆಲಸ. ಹೋಗುವ ಮೊದಲು ಫೋನ್ ಮಾಡಿ ಅನುಮತಿ ಕೇಳುವುದು ಸೌಜನ್ಯ. ನಾನು ಕೇಳಿದ್ದೆ, ಆದರೂ ಸ್ವಲ್ಪ ಹೊತ್ತು ಕಾಯಬೇಕಾಯಿತು, ಕಾಯಿಸಿದ್ದಕ್ಕೆ ಒಂದು ಲೋಟ ಚಹಾ ಸಿಕ್ಕಿತು.

ಕೆಲಸದಲ್ಲಿರುವವರು ಹೆಚ್ಚಿನವರು ಹೆಂಗಸರು. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರ ಅಚ್ಚೊತ್ತುವುದು, ಹೊಲಿಯುವುದು, ಕೊನೆಗೆ ಹಗ್ಗ ಪೋಣಿಸಿ ಮರದ ಗುಬಟು ಕಟ್ಟುವುದು, ಹೀಗೆ ಧ್ವಜ ಹಂತ ಹಂತವಾಗಿ ಸಿದ್ಧವಾಗುತ್ತದೆ. ಅಳತೆಗಳು 9. ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಮಿಲಿಮೀಟರ್ ಅಗಲ. ಮೇಜಿನ ಮೇಲಿಡುವ ಅತಿ ಸಣ್ಣದು 150 ಮತ್ತು 100. ಯಾವ ಅಳತೆಯಾದರೂ ಉದ್ದ ಅಗಲಗಳ ಪ್ರಮಾಣ 3:2 ಇರಲೇಬೇಕು. ದೊಡ್ಡ ಧ್ವಜದ ಚಕ್ರದ ವ್ಯಾಸ 1295 ಮಿಲಿಮೀಟರ್. ಸಣ್ಣದರಲ್ಲಿ 25, ಅಂದರೆ ಒಂದು ನಾಣ್ಯದಷ್ಟು, ಮತ್ತು ಆ ನಾಣ್ಯದೊಳಗೂ 24 ಅರಗಳು. ಚಕ್ರ ಬಿಳಿ ಪಟ್ಟಿಯ ಎರಡೂ ಬದಿಗೆ ಒಂದರ ಬೆನ್ನಿಗೆ ಒಂದು ಸರಿಯಾಗಿ ಕೂಡಬೇಕು.

ಎರಡೂ ಬದಿ! ಹಿಂದಿನ ದಿನ ಗವಂತಿ ಹಾಕಿ ಸೋತಿದ್ದ ನನಗೆ ಈ ಮಾತು ಕೇಳಿ ರೋಮಾಂಚನವಾಯಿತು. ಅಜ್ಜಿಯರು ಮಗಳ ಮದುವೆಯ ಸೀರೆಗೆ ತಾವಾಗಿಯೇ ವಿಧಿಸಿಕೊಂಡಿದ್ದ ನಿಯಮವೂ ಮಾನಕ ಸಂಸ್ಥೆಯ ಕಡತದಲ್ಲಿರುವ ನಿಯಮವೂ ಒಂದೇ ಆಗಿದ್ದವು: ಬಟ್ಟೆಗೆ ಬೆನ್ನು ಇರಕೂಡದು.

ಕೇಸರಿ, ಬಿಳಿ, ಹಸಿರು ಪಟ್ಟಿಗಳನ್ನು ಜೋಡಿಸಿ ಹೊಲಿಯುತ್ತಿದ್ದ, ನನ್ನದೇ ವಯಸ್ಸಿನ ಹೆಂಗಸೊಬ್ಬರ ಪಕ್ಕ ಕುಳಿತೆ. ಹೊಲಿದು ಮುಗಿಸಿದೊಡನೆ ಉಕ್ಕಿನ ಪಟ್ಟಿ ಇಟ್ಟು ಅಳೆಯುತ್ತಿದ್ದರು. ಅಳೆದದ್ದನ್ನು ಪರೀಕ್ಷೆಗೆ ಬದಿಗಿಡುತ್ತಿದ್ದರು. ಬಿಚ್ಚುವ ಪ್ರಸಂಗ ಬರುತ್ತದೆಯೇ ಎಂದು ಕೇಳಿದೆ. "ಬರ್ತದರಿ. ಬಂದ್ರ ಬಿಚ್ಚೂದ. ಇದೇನ್ ನನ್ನ ಕುಪ್ಪಸ ಅಲ್ಲಲ್ರಿ, ಒಂದೀಟು ಹೆಚ್ಚುಕಡಿಮಿ ಆದ್ರೂ ನಡೀತದ ಅನ್ನಾಕ," ಎಂದರು ತಲೆಯೆತ್ತದೆ. ಆಮೇಲೆ ಏನೋ ನೆನಪಾದಂತೆ ತೋಳು ಮುಂದೆ ಚಾಚಿ ತೋರಿಸಿದರು. ಕುಪ್ಪಸದ ತೋಳಿಗೆ ಹರಿದ ಕಡೆ ಬೇರೆ ಬಣ್ಣದ ದಾರದಲ್ಲಿ ಅವಸರದ ಹೊಲಿಗೆ. ಇಬ್ಬರೂ ನಕ್ಕೆವು. ದಿನವಿಡೀ ಎಳೆಯೂ ತಪ್ಪದಂತೆ ಹೊಲಿಯುವವರ ಸ್ವಂತ ತೋಳು ಹಾಗಿದ್ದದ್ದು ನನಗೆ ಕೊರತೆಯೆನಿಸಲಿಲ್ಲ. ಅವರ ಎಚ್ಚರಕ್ಕೆ ಒಂದು ಜಾಗವಿತ್ತು, ಆ ಜಾಗ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕರಡಚ್ಚಿನ ಮೇಜಿನ ಎಚ್ಚರವನ್ನು ಅಡುಗೆಮನೆಗೂ ಮಕ್ಕಳ ಅಕ್ಷರಕ್ಕೂ ಎಳೆದುಕೊಂಡು ಹೋಗುವ ನನ್ನ ರೂಢಿ ಆಗ ನೆನಪಾಗಿ, ಊರಿಗೆ ಮರಳಿದ ಮೇಲೆ ಮಗನ ಕಾಪಿ ಪುಸ್ತಕವನ್ನು ಸ್ವಲ್ಪ ದಿನ ಮುಟ್ಟಬಾರದೆಂದುಕೊಂಡೆ.

2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ, ಪಾಲಿಯೆಸ್ಟರ್ ಬಟ್ಟೆಯ ಧ್ವಜಗಳಿಗೂ ಅವಕಾಶ ದೊರೆಯಿತು. ಅಗ್ಗದ ಧ್ವಜ ಎಲ್ಲರ ಮನೆಗೂ ತಲುಪಲಿ ಎಂಬ ವಾದ ನನಗೆ ಅರ್ಥವಾಗುತ್ತದೆ. ಆದರೂ ಕೈಯಲ್ಲಿ ನೂತು ನೇಯ್ದ ಬಟ್ಟೆಯನ್ನು ಹೀಗೆ ಗೆರೆ ತಪ್ಪದೆ ಹೊಲಿಯಲು ಕಲಿತ ಕೈಗಳಿಗೆ ಕೆಲಸ ಕಡಿಮೆಯಾಗಬಾರದು. ಯಂತ್ರ ತಪ್ಪದಿರುವುದರಲ್ಲಿ ವಿಶೇಷವಿಲ್ಲ. ತಪ್ಪಬಲ್ಲ ಕೈ ತಪ್ಪದಿರುವುದನ್ನು ನಾನು ಆ ಮಧ್ಯಾಹ್ನ ಕಣ್ಣಾರೆ ಕಂಡೆ.

ಮೂರನೆಯ ದಿನ: ಹಳಿಯಾಳದ ದಾರಿ, ಮತ್ತೆ ಮಾಳಮಡ್ಡಿ

ಪ್ರದರ್ಶನದ ಮೂರನೆಯ ಕೋಣೆಯ ಕೌದಿಗಳಲ್ಲಿ ನಾಲ್ಕು ಸಿದ್ದಿ ಜನರ ಮನೆಗಳಿಂದ ಬಂದವು. ಅವುಗಳನ್ನು ತಂದಿದ್ದ ವಿದ್ಯಾರ್ಥಿಯೊಬ್ಬ ಭಾನುವಾರ ಬೆಳಗ್ಗೆ ಹಳಿಯಾಳ ತಾಲ್ಲೂಕಿನ ಒಂದು ಹಳ್ಳಿಗೆ ಹೋಗುವವನಿದ್ದ. ನಾನೂ ಜೊತೆಗೆ ಹೊರಟೆ. ಧಾರವಾಡದಿಂದ ಹಳಿಯಾಳದ ಕಡೆಗಿನ ರಸ್ತೆಯಲ್ಲಿ ಬಯಲುಸೀಮೆ ಮೆಲ್ಲಗೆ ಮಲೆನಾಡಿಗೆ ಸರಿಯುವುದನ್ನು ಬಸ್ಸಿನ ಕಿಟಕಿಯಿಂದಲೇ ಕಾಣಬಹುದು. ಕರಿನೆಲ ಹಿಂದೆ ಬಿದ್ದು ಮಣ್ಣು ಕೆಂಪಾಗುತ್ತದೆ, ಗದ್ದೆಗಳಲ್ಲಿ ನೀರು ನಿಲ್ಲುತ್ತದೆ, ತೇಗ ಬಿದಿರುಗಳು ರಸ್ತೆಗೆ ಹತ್ತಿರವಾಗುತ್ತವೆ. ಅಂದು ಮಂಜು ಗದ್ದೆಗಳ ಮೇಲೆ ಎಷ್ಟು ಕೆಳಗೆ ಇಳಿದಿತ್ತೆಂದರೆ ನಾಟಿಗೆ ಬಾಗಿದವರ ಕೊಪ್ಪೆಗಳು ಮಾತ್ರ ಅಲ್ಲಲ್ಲಿ ತೇಲಿದಂತೆ ಕಾಣುತ್ತಿದ್ದವು.

ಸಿದ್ದಿಯರ ಹಿರಿಯರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಇಂದು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಡೆ ನೆಲೆಸಿದೆ. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಇದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅವರ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು.

ಬಸ್ಸಿನಿಂದ ಇಳಿದು ಮಣ್ಣುದಾರಿಯಲ್ಲಿ ನೂರು ಹೆಜ್ಜೆ ಹಾಕುವಷ್ಟರಲ್ಲಿ ನನ್ನ ಚಪ್ಪಲಿ ಜಾರಿತು. ಬಿದ್ದ ರಭಸಕ್ಕೆ ಬೇಲಿಯ ಮುಳ್ಳಿಗೆ ಸಿಕ್ಕಿದ ಬಟ್ಟೆಚೀಲ ಗೇಣುದ್ದ ಹರಿಯಿತು; ಒಳಗಿದ್ದ ಟಿಪ್ಪಣಿ ಪುಸ್ತಕ ನೀರಿಗೆ ಬಿದ್ದು, ಎರಡು ದಿನದ ಶಾಯಿಯ ಅಕ್ಷರಗಳು ನೀಲಿ ಕಲೆಗಳಾದವು. ನನ್ನ ಕಣ್ಣಲ್ಲಿ ನೀರು ಬಂತು. ಹುಡುಗ ಕೈಹಿಡಿದು ಎಬ್ಬಿಸಿ, ಹತ್ತಿರದಲ್ಲೇ ಇದ್ದ, ನಾವು ಹೋಗಬೇಕಾಗಿದ್ದ ಮನೆಯ ಜಗಲಿಗೆ ಕರೆದೊಯ್ದ.

ಮನೆಯ ಕಿರಿಯರೆಲ್ಲ ಗದ್ದೆಗೆ ಹೋಗಿದ್ದರು. ಅಜ್ಜಿಯೊಬ್ಬರೇ ಜಗಲಿಯ ಮೇಲೆ ಅರ್ಧ ಹೊಲಿದ ಕವಂದಿಯನ್ನು ಮಡಿಲ ಮೇಲೆ ಹರಡಿಕೊಂಡು ಕುಳಿತಿದ್ದರು. ಕೈಕಾಲು ತೊಳೆಯಲು ಬಿಸಿನೀರು ಕೊಟ್ಟು, ಕರಿಚಹಾ ಕೊಟ್ಟು, ಕೊಂಕಣಿ ಬೆರೆತ ಕನ್ನಡದಲ್ಲಿ ನಿಧಾನವಾಗಿ ಮಾತಾಡಿದರು. ಕೆಳಗೆ ಹಳೆಯ ಸೀರೆ ಹಾಸಿಕೊಂಡು ಮೂಲೆಯಿಂದ ಹೊಲಿಗೆ ಶುರುಮಾಡಿ, ಅಂಚು ಹಿಡಿದು ಸುತ್ತು ಬರುತ್ತ, ಚಿಂದಿಗಳನ್ನು ಒಂದೊಂದಾಗಿ ಮಡಿಸಿ ಸೇರಿಸುತ್ತ ಒಳಒಳಗೆ ಸಾಗಿ, ನಡುವಿನಲ್ಲಿ ಮುಗಿಸಬೇಕು. ಅಳತೆಪಟ್ಟಿ ಇಲ್ಲ, ಗೆರೆ ಇಲ್ಲ. ಯಾವ ಬಣ್ಣದ ಪಕ್ಕ ಯಾವುದು ಎಂಬುದು ಮುಂದಿನ ಚಿಂದಿ ಕೈಗೆ ಬಂದಾಗ ತೀರ್ಮಾನವಾಗುತ್ತದೆ. ಹತ್ತಿರದಿಂದ ನೋಡಿದರೆ ಒಂದು ಹೊಲಿಗೆ ಇನ್ನೊಂದರಷ್ಟು ಉದ್ದವಿಲ್ಲ. ಎರಡು ಹೆಜ್ಜೆ ಹಿಂದೆ ಸರಿದರೆ ಗದ್ದೆಯ ಬದುಗಳಂತೆ ಸಾಲುಗಳು ಬಾಗಿ ಬಾಗಿ ಹರಿಯುತ್ತವೆ.

ಹಾಗಾದರೆ ಇದರಲ್ಲಿ ತಪ್ಪು ಎಂಬುದೇ ಇಲ್ಲವೇ ಎಂದು ಕೇಳಿದೆ.

ಅಜ್ಜಿ ಕವಂದಿಯ ಮೂಲೆಯನ್ನು ಎತ್ತಿ ತೋರಿಸಿದರು. ಅಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಮಡಿಸಿ ಹೊಲಿದ ಸಣ್ಣ ಗೊಂಚಲು, ಅದಕ್ಕೆ ಫುಲ ಎನ್ನುತ್ತಾರೆ. ನಾಲ್ಕು ಮೂಲೆಗೂ ಅದು ಇರಲೇಬೇಕು. "ಫುಲ ಇಲ್ಲ ಅಂದ್ರೆ ಕವಂದಿ ಬೆತ್ತಲೆ. ಅದೊಂದೇ ತಪ್ಪು," ಎಂದರು.

ಮಾತಾಡುತ್ತಲೇ ನನ್ನ ಚೀಲವನ್ನು ಎಳೆದುಕೊಂಡರು. ಬಿಳಿಯ ಚೀಲಕ್ಕೆ ಬಿಳಿ ಬಟ್ಟೆ ಹುಡುಕಬಹುದೇನೋ ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಅವರ ಕೈಗೆ ಹಳದಿ ಹೂವಿನ ಕೆಂಪು ಚಿಂದಿ ಬಂದಿತ್ತು. ಹರಿದ ಜಾಗದ ಮೇಲೆ ಅದನ್ನಿಟ್ಟು, ಅಂಚು ಒಳಗೆ ಮಡಿಸುತ್ತ, ಸುತ್ತು ಬಂದು, ಚಹಾ ಆರುವಷ್ಟರಲ್ಲಿ ಮುಗಿಸಿದರು. ತೇಪೆಯ ಒಂದು ಮೂಲೆಗೆ ಬೆರಳಿನ ಉಗುರಿನಷ್ಟು ಪುಟ್ಟ ಫುಲವನ್ನೂ ಸೇರಿಸಿದರು. ಆ ಚೀಲದ ಬೆನ್ನು ತಿರುಗಿಸಿ ನೋಡುವ ಮನಸ್ಸು ನನಗೆ ಬರಲಿಲ್ಲ.

ಮಧ್ಯಾಹ್ನದ ಬಸ್ಸು ತಪ್ಪಿತು; ಮುಂದಿನದು ಸಿಕ್ಕಿ ಮಾಳಮಡ್ಡಿ ಮುಟ್ಟಿದಾಗ ಐದೂವರೆ. ಪ್ರದರ್ಶನ ಆರಕ್ಕೆ ಮುಗಿಯುವುದರಲ್ಲಿತ್ತು. ನೇರವಾಗಿ ಮೂರನೆಯ ಕೋಣೆಗೆ ಹೋಗಿ ಬಿಳಿ ಬಟ್ಟೆಯ ಮುಂದೆ ಕುಳಿತು ನನ್ನ ಕೆಂಪು ಸಾಲನ್ನು ಹುಡುಕಿದೆ. ಅದು ಹಾಗೆಯೇ ಇತ್ತು, ಒಂದು ಎಳೆ ತಪ್ಪಿಯೇ. ಆದರೆ ಅದರ ಕೆಳಗೆ ಯಾರೋ ನೀಲಿ ದಾರದಲ್ಲಿ ಹಾಕಿದ್ದ ಸಾಲು, ನನ್ನ ಹೊಲಿಗೆ ತಪ್ಪಿದ ಜಾಗದಲ್ಲಿಯೇ ತಾನೂ ಒಂದು ಎಳೆ ಸರಿದು ಸಾಗಿತ್ತು. ಅದರ ಕೆಳಗಿನ ಹಸಿರು ಸಾಲು ಹಾಗೆಯೇ, ಅದರ ಕೆಳಗಿನದೂ ಹಾಗೆಯೇ. ಹನ್ನೊಂದು ಸಾಲುಗಳಲ್ಲಿ ಒಂದು ಮೆಟ್ಟಿಲು ಮೂಡಿತ್ತು. ಬಟ್ಟೆಯ ಅಂಚು ಎತ್ತಿ ಬೆನ್ನು ನೋಡಿದೆ. ಮೆಟ್ಟಿಲು ಅಲ್ಲಿಯೂ ಅಷ್ಟೇ ಸ್ಪಷ್ಟವಾಗಿತ್ತು. ಶಿಕ್ಷಕಿ ದೂರದಿಂದ ನೋಡುತ್ತಿದ್ದರು, ಏನೂ ಹೇಳಲಿಲ್ಲ.

ಇಷ್ಟು ಕಷ್ಟಪಟ್ಟು ಕೂಡಿಸಿದ ಪ್ರದರ್ಶನವನ್ನು ಮೂರೇ ದಿನಕ್ಕೆ ಏಕೆ ಮುಗಿಸುತ್ತೀರಿ, ಇನ್ನೊಂದು ವಾರ ಇಡಬಹುದಲ್ಲ ಎಂದು ಅವರನ್ನು ಕೇಳಿದೆ.

"ಮಳಿಗಾಲ ಅಲ್ಲೇನವಾ? ಕೌದಿ ಕೊಟ್ಟವ್ರು ಚಾದರ ಹೊತ್ಕೊಂಡು ಮಲಗ್ಯಾರ. ಮೂರು ರಾತ್ರಿ ಅಂತ ಕೇಳಿ ತಂದೀವಿ," ಎಂದರು.

ಹೊರಗೆ ಅಂಗಳದಲ್ಲಿ ಆಗಲೇ ಜನ ಸೇರಿದ್ದರು. ಹುಡುಗರು ಒಂದೊಂದೇ ಕೌದಿಯನ್ನು ಇಳಿಸಿ, ಚೀಟಿ ಕಿತ್ತು, ಮಡಿಸಿ, ಹೆಸರು ಕೂಗಿ ಕೊಡುತ್ತಿದ್ದರು. ಎಂಬತ್ತರ ಆಸುಪಾಸಿನ ಅಜ್ಜರೊಬ್ಬರು ತಮ್ಮ ಕೌದಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿ, "ಊದಿನಕಡ್ಡಿ ಹೊಗಿ ಹತ್ತೇತಿ," ಎಂದರು. ಮಳೆ ಹನಿಯಲು ಶುರುವಾಗಿತ್ತು. ನಾನು ಚೀಲದಲ್ಲಿದ್ದ ಪ್ಲಾಸ್ಟಿಕ್ ಹಾಳೆಯನ್ನು ಅವರಿಗೆ ಕೊಟ್ಟೆ. ಅವರು ಅದನ್ನು ತಮ್ಮ ತಲೆಯ ಮೇಲೆ ಹಾಕಿಕೊಳ್ಳದೆ ಕೌದಿಗೆ ಸುತ್ತಿ, ಕಂಕುಳಲ್ಲಿ ಒತ್ತಿಕೊಂಡು, ನೆನೆಯುತ್ತ ಮನೆಯ ಕಡೆ ನಡೆದರು.